ಕೈಗೆ ಬೇಕೋ, ಕಣ್ಣಿಗೆ ಬೇಕೋ? ಡ್ವಾರ್ಫ್ ಹ್ಯಾಮ್‌ಸ್ಟರ್ ತರುವ ಮುನ್ನ

ಪ್ರಶ್ನೆ: ಒಂಬತ್ತು ವರ್ಷದ ಮಗಳು ಇಲಿಯಂಥ ಪುಟ್ಟ ಸಾಕುಪ್ರಾಣಿಯಾದ ಹ್ಯಾಮ್‌ಸ್ಟರ್ ಬೇಕೆಂದು ಹಟ ಹಿಡಿದಿದ್ದಾಳೆ. ಅಂಗಡಿಯವರು ಚಿಕ್ಕದಾಗಿರುವುದನ್ನೆಲ್ಲ ‘ಡ್ವಾರ್ಫ್’ ಎನ್ನುತ್ತಾರೆ. ಯಾವುದನ್ನು ತರುವುದು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಪ್ರಾಣಿ ಕೈಯಲ್ಲಿ ಹಿಡಿದು ಆಡಿಸಲು ಬೇಕೋ, ಕೂತು ನೋಡಲು ಬೇಕೋ ಎಂಬುದನ್ನು ಮೊದಲು ತೀರ್ಮಾನಿಸಿ. ತಳಿಯ ಆಯ್ಕೆ ಅದರ ಮೇಲೆಯೇ ನಿಂತಿದೆ.

ಎರಡೂ ಕಣ್ಣಿನ ಮೇಲೆ ಬಿಳಿ ಹುಬ್ಬಿನಂಥ ಮಚ್ಚೆ ಇದ್ದು, ಬೆನ್ನ ಮೇಲೆ ಕಪ್ಪು ಗೆರೆ ಇಲ್ಲದಿದ್ದರೆ ಅದು ರೊಬೊರೊವ್‌ಸ್ಕಿ. ಉದ್ದ ಸುಮಾರು 5 ಸೆಂ.ಮೀ., ತೂಕ 20–25 ಗ್ರಾಂ. ಮಂಗೋಲಿಯಾ, ಉತ್ತರ ಚೀನಾದ ಮರಳುಗಾಡಿನ ಪ್ರಾಣಿ. ಕಚ್ಚುವುದು ಅಪರೂಪ, ಆದರೆ ಕೈಯಲ್ಲಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಜಾರಿ ನೆಲಕ್ಕೆ ಬಿದ್ದರೆ ಕಾಲು ಮುರಿಯುತ್ತದೆ. ಇದು ನೋಡಿ ಆನಂದಿಸುವ ಪ್ರಾಣಿ. ಬೆನ್ನುದ್ದಕ್ಕೂ ಕಪ್ಪು ಗೆರೆ ಇರುವುದು ಕ್ಯಾಂಪ್‌ಬೆಲ್ ಅಥವಾ ವಿಂಟರ್ ವೈಟ್. ಇವು 8–10 ಸೆಂ.ಮೀ. ಬೆಳೆಯುತ್ತವೆ, ತಾಳ್ಮೆಯಿಂದ ಪಳಗಿಸಿದರೆ ಅಂಗೈ ಮೇಲೆ ಕೂತು ಕಾಳು ತಿನ್ನುತ್ತವೆ. ಅಂಗಡಿಗೆ ಬರುವವುಗಳಲ್ಲಿ ಈ ಎರಡರ ಮಿಶ್ರತಳಿಯೂ ಇರುತ್ತದೆ. ಕಣ್ಣಳತೆಯಲ್ಲಿ ಬೇರ್ಪಡಿಸುವುದು ಕಷ್ಟ. ಆಯಸ್ಸು ಒಂದೂವರೆಯಿಂದ ಎರಡು ವರ್ಷ, ರೊಬೊರೊವ್‌ಸ್ಕಿಗೆ ಮೂರರವರೆಗೂ ಹೋಗಬಹುದು. ಇಷ್ಟು ಬೇಗ ಅಗಲುತ್ತದೆ ಎಂಬುದನ್ನು ಮಗಳಿಗೆ ತರುವ ಮೊದಲೇ ಹೇಳಿ.

ಮಗಳಿಗೆ ಎತ್ತಿಕೊಂಡೇ ಆಡಬೇಕು ಎಂದಾದರೆ ಡ್ವಾರ್ಫ್ ಬೇಡ. 100 ಗ್ರಾಂ ದಾಟುವ, ನಿಧಾನವಾಗಿ ನಡೆಯುವ ಸಿರಿಯನ್ ಹ್ಯಾಮ್‌ಸ್ಟರ್ ಚಿಕ್ಕ ಕೈಗಳಿಗೆ ಹೆಚ್ಚು ಒಗ್ಗುತ್ತದೆ.

ಕೊಳ್ಳಲು ಸಂಜೆ ಹೋಗಿ. ಹಗಲಲ್ಲಿ ಎಲ್ಲವೂ ಮಲಗಿರುವುದರಿಂದ ಚುರುಕಾದದ್ದು ಯಾವುದು, ಕಾಯಿಲೆಯದು ಯಾವುದು ಎಂದು ತಿಳಿಯದು. ಕಣ್ಣು ಹೊಳೆಯುತ್ತಿರಬೇಕು, ಮೂಗು ಒಣಗಿರಬೇಕು, ಮುಂದಿನ ಹಲ್ಲುಗಳು ನೇರವಾಗಿರಬೇಕು. ಬಾಲದ ಬುಡ ಒದ್ದೆಯಾಗಿದ್ದರೆ ಭೇದಿ ಇದೆ ಎಂದರ್ಥ. ಆ ಡಬ್ಬಿಯ ಯಾವುದನ್ನೂ ತರಬೇಡಿ. ಗಂಡು ಹೆಣ್ಣು ಒಟ್ಟಿಗೆ ಇಟ್ಟ ಡಬ್ಬಿಯಿಂದ ಹೆಣ್ಣನ್ನಂತೂ ಬೇಡವೇ ಬೇಡ. ಇವು ಐದು ವಾರಕ್ಕೇ ಬೆದೆಗೆ ಬರುತ್ತವೆ, ಗರ್ಭಾವಧಿ ಸುಮಾರು ಮೂರು ವಾರ. ಮನೆಗೆ ತಂದ ಒಂದು, ತಿಂಗಳೊಳಗೆ ಆರಾಗಬಹುದು.

ಪ್ರಶ್ನೆ: ಜೊತೆ ಇರಲೆಂದು ಎರಡು ತಂದೆವು. ಎರಡು ತಿಂಗಳು ಅಂಟಿಕೊಂಡೇ ಮಲಗುತ್ತಿದ್ದವು. ಈಗ ಒಂದರ ಕಿವಿಯಲ್ಲಿ ರಕ್ತ. ಪಂಜರ ಅಂಗಡಿಯವರೇ ಕೊಟ್ಟದ್ದು, ಒಂದಡಿ ಉದ್ದ.
– ಓದುಗರೊಬ್ಬರು, ಮೈಸೂರು

ಉತ್ತರ: ಇವತ್ತೇ ಬೇರೆ ಮಾಡಿ, ಮತ್ತೆ ಕೂಡಿಸಬೇಡಿ. ಮರಿಗಳಾಗಿದ್ದಾಗ ಹೊಂದಿಕೊಂಡವು ಪ್ರಾಯಕ್ಕೆ ಬಂದ ಮೇಲೆ ಜಾಗಕ್ಕಾಗಿ ಕಾದಾಡುತ್ತವೆ, ಸಾಯಿಸುವವರೆಗೂ ಹೋಗುತ್ತವೆ. ಗಾಯ ಆಳವಾಗಿದ್ದರೆ ಅಥವಾ ಕೀವು ಕಂಡರೆ ಪಶುವೈದ್ಯರಿಗೆ ತೋರಿಸಿ. ಒಂಟಿತನ ಎಂಬ ಚಿಂತೆ ಬೇಡ. ಒಂದು ಗೂಡಿಗೆ ಒಂದೇ ಪ್ರಾಣಿ ಎಂಬ ನಿಯಮವೇ ಸುರಕ್ಷಿತ.

ಒಂದಡಿಯ ಪಂಜರವನ್ನು ಬದಲಿಸಲೇಬೇಕು. ಪ್ರಾಣಿ ಚಿಕ್ಕದು, ಆದರೆ ಕಾಡಿನಲ್ಲಿ ಅದು ರಾತ್ರಿಯಿಡೀ ಓಡಾಡಿ ಕಾಳು ಹುಡುಕುವಂಥದ್ದು. ತಳ 100×50 ಸೆಂ.ಮೀ. ಇರಲಿ, ಮೇಲೆ ಜಾಲರಿ ಹೊದಿಸಿದ ಹಳೆಯ ಮೀನಿನ ತೊಟ್ಟಿ ಚೆನ್ನಾಗಿ ಒದಗುತ್ತದೆ. ಕಂಬಿಯ ಪಂಜರವಾದರೆ ಕಂಬಿಗಳ ನಡುವೆ 7 ಮಿ.ಮೀ.ಗಿಂತ ಹೆಚ್ಚು ಸಂದು ಬೇಡ, ತಲೆ ತೂರಿದರೆ ಮೈಯೂ ತೂರುತ್ತದೆ. ಬಿಲ ತೋಡಲು ವಾಸನೆಯಿಲ್ಲದ ಕಾಗದದ ಚೂರನ್ನು 15–20 ಸೆಂ.ಮೀ. ದಪ್ಪ ಹಾಸಿ. ಸಾಮಿಲ್ಲಿನ ಹೊಟ್ಟಿನ ಧೂಳು ಮೂಗಿಗೇರುತ್ತದೆ, ಪೈನ್ ಮತ್ತು ಸೀಡರ್ ಮರದ ವಾಸನೆ ಶ್ವಾಸಕೋಶವನ್ನು ಕೆಡಿಸುತ್ತದೆ. ಮೆತ್ತಗಿರಲೆಂದು ಹತ್ತಿ ಇಡಬೇಡಿ: ನೂಲು ಕಾಲಿಗೆ ಸುತ್ತಿ ರಕ್ತ ಕಟ್ಟುತ್ತದೆ, ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಚಕ್ರದ ಅಡ್ಡಳತೆ 20 ಸೆಂ.ಮೀ. ಇರಲಿ, ಓಡುವ ಮೇಲ್ಮೈಯಲ್ಲಿ ಸಂದುಗಳಿರಬಾರದು. ಓಡುವಾಗ ಬೆನ್ನು ಬಿಲ್ಲಿನಂತೆ ಬಾಗಿದರೆ ಚಕ್ರ ಚಿಕ್ಕದಾಯಿತೆಂದೇ ಲೆಕ್ಕ. ನೀರಿನ ಸ್ನಾನ ಮಾಡಿಸಬೇಡಿ. ಬಟ್ಟಲಲ್ಲಿ ಜರಡಿ ಹಿಡಿದ, ಧೂಳಿಲ್ಲದ ಒಣ ಮರಳಿಟ್ಟರೆ ತಾನೇ ಹೊರಳಿ ಮೈ ಶುಚಿ ಮಾಡಿಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಹ್ಯಾಮ್‌ಸ್ಟರ್ ಈಚೆಗೆ ಬಹಳ ನೀರು ಕುಡಿಯುತ್ತಿದೆ, ಹಾಸು ದಿನವೂ ಒದ್ದೆ. ಬಾಳೆಹಣ್ಣು, ಸೇಬು ಇಷ್ಟಪಟ್ಟು ತಿನ್ನುತ್ತದೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹಣ್ಣನ್ನು ಇಂದಿನಿಂದಲೇ ನಿಲ್ಲಿಸಿ. ಕ್ಯಾಂಪ್‌ಬೆಲ್ ಮತ್ತು ಮಿಶ್ರತಳಿಗಳಿಗೆ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚು, ನೀವು ಹೇಳಿದ್ದು ಅದರ ಲಕ್ಷಣವೇ. ಮೂತ್ರಪಿಂಡದ ತೊಂದರೆಯಲ್ಲೂ ಹೀಗಾಗುತ್ತದೆ, ಹಾಗಾಗಿ ಚಿಕ್ಕ ಪ್ರಾಣಿಗಳನ್ನು ನೋಡುವ ಪಶುವೈದ್ಯರಲ್ಲಿ ಮೂತ್ರ ಪರೀಕ್ಷೆ ಮಾಡಿಸಿ. ನೀರನ್ನು ಮಾತ್ರ ಕಡಿಮೆ ಮಾಡಬೇಡಿ. ದಿನಕ್ಕೆ ಒಂದರಿಂದ ಒಂದೂವರೆ ಟೀ ಚಮಚ ಕಾಳಿನ ಮಿಶ್ರಣ ಸಾಕು: ನವಣೆ, ಸಾಮೆ, ಓಟ್ಸ್, ಮೇಲೆ ಒಂದೆರಡು ಸೂರ್ಯಕಾಂತಿ ಬೀಜ. ವಾರಕ್ಕೆರಡು ಸಲ ಬಟಾಣಿ ಗಾತ್ರದಷ್ಟು ಬೇಯಿಸಿದ ಮೊಟ್ಟೆಯ ಬಿಳಿ, ಆಗಾಗ ತೆಳ್ಳನೆಯ ಸೌತೆಕಾಯಿ ಹೋಳು. ಈರುಳ್ಳಿ, ಬೆಳ್ಳುಳ್ಳಿ, ಕಿತ್ತಳೆ, ಚಾಕೊಲೇಟ್ ಕೊಡಲೇಬಾರದು.

ಪ್ರಶ್ನೆ: ನಮ್ಮೂರಿನ ಬೇಸಿಗೆಯಲ್ಲಿ ಸಾಕಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಎ.ಸಿ. ಇಲ್ಲದ ಮನೆಯಾದರೆ ಬೇಡ ಎಂದೇ ಹೇಳುತ್ತೇವೆ. ಇವಕ್ಕೆ ಹಿತವಾದದ್ದು 18–24 ಡಿಗ್ರಿ; 30 ದಾಟಿದರೆ ಅಪಾಯ, ನಿಮ್ಮಲ್ಲಿ ಏಪ್ರಿಲ್‌ನಲ್ಲಿ 40 ದಾಟುತ್ತದೆ. ನಮ್ಮಂತೆ ಬೆವರದ ಪ್ರಾಣಿಗೆ ಫ್ಯಾನ್ ಗಾಳಿ ತಂಪು ಕೊಡುವುದಿಲ್ಲ. ಕರೆಂಟು ಹೋದ ಹೊತ್ತಿಗೆಂದು ಗೂಡಿನೊಳಗೆ ಅಡ್ಡ ಮಲಗಿಸಿದ ಮಣ್ಣಿನ ಕುಡಿಕೆ ಮತ್ತು ನೆಲದ ಟೈಲ್‌ನ ತುಂಡು ಇಟ್ಟಿರಿ. ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಗೂಡಿನ ಹೊರಗೋಡೆಗೆ ಒರಗಿಸಿ. ಪ್ರಾಣಿ ಚಪ್ಪಟೆಯಾಗಿ ಬಿದ್ದು ವೇಗವಾಗಿ ಉಸಿರಾಡುತ್ತಿದ್ದರೆ ತಂಪು ಜಾಗಕ್ಕೆ ಒಯ್ದು, ನೀರಲ್ಲಿ ಹಿಂಡಿದ ಬಟ್ಟೆಯ ಮೇಲೆ ಮಲಗಿಸಿ ವೈದ್ಯರ ಬಳಿಗೆ ಹೊರಡಿ. ತಣ್ಣೀರಿನಲ್ಲಿ ಅದ್ದಬೇಡಿ, ಆ ಆಘಾತವೇ ಜೀವ ತೆಗೆಯಬಹುದು.

ಪ್ರಶ್ನೆ: ಸಿಡ್ನಿಗೆ ವರ್ಗವಾಗಿದೆ. ಹ್ಯಾಮ್‌ಸ್ಟರನ್ನು ಜೊತೆಗೆ ಒಯ್ಯಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಆಗುವುದಿಲ್ಲ. ತಪ್ಪಿಸಿಕೊಂಡು ಹೊಲಗಳಲ್ಲಿ ಹಬ್ಬಿದರೆ ಪೀಡೆಯಾಗುತ್ತದೆಂದು ಆಸ್ಟ್ರೇಲಿಯಾದಲ್ಲಿ ಹ್ಯಾಮ್‌ಸ್ಟರ್ ಸಾಕಣೆಗೇ ನಿಷೇಧವಿದೆ. ಹೊರಡುವ ಮುನ್ನ ಸಾಕಷ್ಟು ಮೊದಲೇ ಒಳ್ಳೆಯ ಮನೆ ಹುಡುಕಿ. ಕೊಡುವಾಗ ಅದೇ ಗೂಡು, ಅದೇ ಚಕ್ರ, ಹಳೆಯ ಹಾಸಿನ ಅರ್ಧವನ್ನೂ ಜೊತೆಗೆ ಕೊಡಿ. ತನ್ನ ವಾಸನೆ ಇದ್ದಲ್ಲಿ ಅದು ಬೇಗ ಒಗ್ಗಿಕೊಳ್ಳುತ್ತದೆ.