ಭೂತಾನ್, ಮಾಲ್ಡೀವ್ಸ್ ಸರ್ಕಾರಗಳ ‘ಇತರೆ ವೆಚ್ಚ’ವನ್ನು ಹೋಲಿಸಬಹುದೇ?

ವಿಶ್ವಬ್ಯಾಂಕಿನ ಕೋಷ್ಟಕದಲ್ಲಿ ಒಟ್ಟು ವೆಚ್ಚದ ಶೇಕಡಾವಾರು ಪಾಲಾಗಿ ಕೊಡುವ ‘ಇತರೆ ವೆಚ್ಚ’ವು ಈ ಎರಡು ದೇಶಗಳಲ್ಲಿ ಬೇರೆಬೇರೆಯಾಗಿರುವುದನ್ನು ಕಂಡು, ಪಾಲು ಹೆಚ್ಚಿರುವ ಸರ್ಕಾರ ದುಂದು ಮಾಡುತ್ತಿದೆ ಎನ್ನಬಹುದೇ ಎಂದು ಕೇಳಿದ್ದೀರಿ. ಆ ಒಂದು ಸಾಲನ್ನು ನೆಚ್ಚಿಕೊಂಡು ಹಾಗೆ ಹೇಳಲು ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಅಂಕಿಗಳ ಮೂಲ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸರ್ಕಾರಿ ಹಣಕಾಸು ವರ್ಗೀಕರಣ. ವೇತನ, ಸರಕು ಮತ್ತು ಸೇವೆಗಳ ಖರೀದಿ, ಬಡ್ಡಿ, ಸಬ್ಸಿಡಿ, ಅನುದಾನ (ಬೇರೆ ಸರ್ಕಾರಗಳಿಗೆ, ಅಂತರರಾಷ್ಟ್ರೀಯ ಸಂಸ್ಥೆಗಳಿಗೆ ಕೊಡುವುದು), ಸಾಮಾಜಿಕ ಪ್ರಯೋಜನ ಇವುಗಳಲ್ಲಿ ಯಾವುದಕ್ಕೂ ಸೇರದೆ ಉಳಿದದ್ದು ಇಲ್ಲಿಗೆ ಬರುತ್ತದೆ: ವಿದ್ಯಾರ್ಥಿವೇತನ, ಸ್ವಯಂಸೇವಾ ಸಂಸ್ಥೆಗಳಿಗೆ ಕೊಡುವ ನೆರವು, ನೈಸರ್ಗಿಕ ವಿಕೋಪದ ಪರಿಹಾರ, ಉದ್ದಿಮೆಗಳಿಗೆ ಕೊಡುವ ಬಂಡವಾಳ ವರ್ಗಾವಣೆ (ಆಸ್ತಿ ಕೊಳ್ಳಲೆಂದೋ ನಷ್ಟ ತುಂಬಲೆಂದೋ ಕೊಟ್ಟು, ಮರಳಿ ಪಡೆಯದ ಹಣ) ಇತ್ಯಾದಿ. ವಿಶ್ವಬ್ಯಾಂಕು ಇದೇ ಸಾಲಿಗೆ ಸ್ಥಿರಾಸ್ತಿಗಳ ಸವಕಳಿಯನ್ನೂ, ಅಂದರೆ ಬಳಕೆಯಿಂದ ಅವುಗಳ ಮೌಲ್ಯ ತಗ್ಗುವುದನ್ನೂ, ಸೇರಿಸುತ್ತದೆ. ನಗದು ಪದ್ಧತಿಯಲ್ಲಿ, ಅಂದರೆ ಹಣ ಕೈಬದಲಾದಾಗ ಮಾತ್ರ, ಲೆಕ್ಕ ಬರೆಯುವ ಸರ್ಕಾರದಲ್ಲಿ ಅದು ಕಾಣಿಸುವುದೇ ಇಲ್ಲ. ಹೆಸರು ಕೇಳಿದರೆ ಚಿಲ್ಲರೆ ಖರ್ಚಿನಂತಿದ್ದರೂ ಒಳಗಿರುವುದು ಚಿಲ್ಲರೆಯಲ್ಲ.

ನಿಜವಾದ ತೊಡಕಿರುವುದು ಒಂದೇ ಬಗೆಯ ಖರ್ಚು ಎರಡು ಕಡೆ ಎರಡು ಲೆಕ್ಕಶೀರ್ಷಿಕೆಗಳಡಿ ಬೀಳಬಹುದು ಎಂಬುದರಲ್ಲಿ. 2020ರ ಕೋವಿಡ್ ಕಾಲದಲ್ಲಿ ಭೂತಾನಿನಲ್ಲಿ ಜೀವನೋಪಾಯ ಕಳೆದುಕೊಂಡವರಿಗೆ ದೊರೆಯ ಪರಿಹಾರ ‘ಕಿಡು’ವಿನ ರೂಪದಲ್ಲಿ ಹಣ ಸಿಕ್ಕಿತು, ಮಾಲ್ಡೀವ್ಸ್ ಸರ್ಕಾರ ಕೆಲಸ ಹೋದವರಿಗೆ ತಿಂಗಳಿಗೆ ಗರಿಷ್ಠ 5,000 ರುಫಿಯಾ ಆದಾಯ ಬೆಂಬಲ ಭತ್ಯೆ ಕೊಟ್ಟಿತು. ಉದ್ದೇಶ ಒಂದೇ ಆದರೂ, ಹಣ ಬಜೆಟ್ಟಿನಿಂದ ನೇರವಾಗಿ ಹೋಯಿತೋ ಪ್ರತ್ಯೇಕ ನಿಧಿಯ ಮೂಲಕ ಹೋಯಿತೋ, ಅದನ್ನು ಸಾಮಾಜಿಕ ಪ್ರಯೋಜನವೆಂದು ಬರೆದರೋ ಇತರೆ ವರ್ಗಾವಣೆಯೆಂದು ಬರೆದರೋ ಎಂಬುದರ ಮೇಲೆ ಕೋಷ್ಟಕದ ಅಂಕಿ ಬದಲಾಗುತ್ತದೆ. ಸರ್ಕಾರಿ ಕಂಪನಿಗಳ ವಿಷಯವೂ ಹೀಗೆಯೇ. ನಷ್ಟದಲ್ಲಿರುವ ಕಂಪನಿಗೆ ಕೊಟ್ಟ ಹಣವನ್ನು ಷೇರು ಬಂಡವಾಳವೆಂದು ತೋರಿಸಿದರೆ ಅದು ವೆಚ್ಚದ ಲೆಕ್ಕಕ್ಕೇ ಬರುವುದಿಲ್ಲ, ಬಂಡವಾಳ ವರ್ಗಾವಣೆಯೆಂದು ತೋರಿಸಿದರೆ ‘ಇತರೆ’ ಉಬ್ಬುತ್ತದೆ.

ಛೇದವನ್ನೂ, ಅಂದರೆ ‘ಇತರೆ’ಯನ್ನು ಭಾಗಿಸುವ ಒಟ್ಟು ವೆಚ್ಚವನ್ನೂ, ಗಮನಿಸಬೇಕು. ಒಟ್ಟು ವೆಚ್ಚ 100 ಕೋಟಿ, ಅದರಲ್ಲಿ ಇತರೆ 12 ಕೋಟಿ ಎಂದುಕೊಳ್ಳಿ. ಮರುವರ್ಷ ಸಾಲದ ಬಡ್ಡಿಯೊಂದೇ 20 ಕೋಟಿ ಏರಿದರೆ, ಇತರೆ ವೆಚ್ಚದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗದೆ ಅದರ ಪಾಲು ಶೇ 12ರಿಂದ ಶೇ 10ಕ್ಕೆ ಇಳಿಯುತ್ತದೆ. ಇದನ್ನು ಮಿತವ್ಯಯವೆಂದು ಹೊಗಳುವವರೂ ಇದ್ದಾರೆ! ರಸ್ತೆ, ಬಂದರು, ಕಟ್ಟಡಗಳ ಮೇಲಿನ ಬಂಡವಾಳ ವೆಚ್ಚವಂತೂ ಈ ಛೇದದಲ್ಲಿ ಸೇರಿಯೇ ಇರುವುದಿಲ್ಲ.

ಭೂತಾನಿನ ಆರ್ಥಿಕ ವರ್ಷ ಜುಲೈನಿಂದ ಜೂನ್, ಮಾಲ್ಡೀವ್ಸಿನದು ಜನವರಿಯಿಂದ ಡಿಸೆಂಬರ್. ಮಾಮೂಲಿ ವರ್ಷಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಬಾಧಿಸದಿದ್ದರೂ, ಮಾಲ್ಡೀವ್ಸ್ 2020ರ ಜುಲೈ 15ಕ್ಕೇ ಗಡಿ ತೆರೆದು, ಭೂತಾನ್ 2022ರ ಸೆಪ್ಟೆಂಬರ್ 23ರವರೆಗೆ ಪ್ರವಾಸಿಗರಿಗೆ ಬಾಗಿಲು ಮುಚ್ಚಿದ್ದ ಅವಧಿಯನ್ನು ವರ್ಷವಾರು ಹೋಲಿಸುವಾಗ ದಾರಿ ತಪ್ಪಿಸುತ್ತದೆ.

ನಾನಾದರೆ ಸಬ್ಸಿಡಿ, ಅನುದಾನ, ಸಾಮಾಜಿಕ ಪ್ರಯೋಜನ, ಇತರೆ ಈ ನಾಲ್ಕನ್ನೂ ಕೂಡಿಸಿ, ಆ ಮೊತ್ತವನ್ನು ಜಿಡಿಪಿಯ ಪಾಲಾಗಿ ಹೋಲಿಸುತ್ತೇನೆ. ಶೀರ್ಷಿಕೆ ಬದಲಾದುದರಿಂದ ಆಗುವ ಏರುಪೇರು ಆಗ ಬಹುಮಟ್ಟಿಗೆ ಕಳೆದುಹೋಗುತ್ತದೆ. ದುಂದು ನಡೆದಿದೆಯೇ ಎಂಬ ಪ್ರಶ್ನೆಗೆ ಮಾತ್ರ ಆಯಾ ದೇಶದ ಬಜೆಟ್ ವಿವರಗಳನ್ನೂ ಲೆಕ್ಕಪರಿಶೋಧನಾ ವರದಿಯನ್ನೂ ತೆರೆದು, ಹಣ ಯಾರ ಕೈಸೇರಿತು ಎಂದು ನೋಡಬೇಕಾಗುತ್ತದೆ.