ಸುಸ್ತಿಗೆ ಎಷ್ಟು ಮಾರ್ಕ್ಸ್?

(ಓದುಗರ ಪ್ರಶ್ನೆಗಳಿಗೆ ಶಿವಮೊಗ್ಗದ ಫಿಸಿಯೋಥೆರಪಿಸ್ಟ್ ಒಬ್ಬರ ಉತ್ತರ)

ಪ್ರಶ್ನೆ: ನನಗೆ 58 ವರ್ಷ. ಎರಡು ಎಕರೆ ಅಡಿಕೆ ತೋಟ ಇದೆ. ಬೆಂಗಳೂರಿನಲ್ಲಿರುವ ಮಗಳು ದೀಪಾವಳಿಗೆ ಬಂದಾಗ ಕೈಗೊಂದು ಸ್ಮಾರ್ಟ್ ವಾಚ್ ಕಟ್ಟಿ ಹೋದಳು. ಕೊಯ್ಲಿನ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತೋಟದಿಂದ ಅಂಗಳಕ್ಕೆ ಅಡಿಕೆ ಕೊನೆ (ಗೊನೆ) ಹೊತ್ತೆ. ಅಂಗಿ ಹಿಂಡಿದರೆ ನೀರು ಬರುತ್ತಿತ್ತು. ವಾಚು ನೋಡಿದರೆ 'ವ್ಯಾಯಾಮ 9 ನಿಮಿಷ' ಅಂತಿದೆ! ಎದೆಬಡಿತ 104 ದಾಟಲೇ ಇಲ್ಲ. ಬಿಪಿಗೆ ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಕೆಟ್ಟಿರುವುದು ವಾಚೋ, ನನ್ನ ಹೃದಯವೋ?
– ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: ವಾಚು ಕೆಟ್ಟಿಲ್ಲ. ಹೃದಯ ಹೇಗಿದೆ ಅಂತ ಪತ್ರ ನೋಡಿ ಹೇಳೋಕಾಗಲ್ಲ, ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ 104 ಅನ್ನುವ ಅಂಕಿ ನೋಡಿ ಗಾಬರಿ ಬೀಳಬೇಡಿ. ಅದಕ್ಕೆ ಕಾರಣವನ್ನು ನೀವೇ ಬರೆದಿದ್ದೀರಿ.

ಮೆಟೊಪ್ರೊಲಾಲ್, ಅಟೆನೊಲಾಲ್ ಇವೆಲ್ಲ ಬೀಟಾ ಬ್ಲಾಕರ್ ಎಂಬ ಗುಂಪಿನ ಮಾತ್ರೆಗಳು. ಮೈಗೆ ಕೆಲಸ ಬಿದ್ದಾಗ ಅಡ್ರಿನಲಿನ್ ಬಂದು ಹೃದಯಕ್ಕೆ 'ಬೇಗ ಬೇಗ' ಅನ್ನುತ್ತದೆ. ಈ ಮಾತ್ರೆ ತಿಂದವರ ಹೃದಯಕ್ಕೆ ಆ ಮಾತು ಅರ್ಧ ಮಾತ್ರ ಕೇಳಿಸುತ್ತದೆ. ಹಾಗಾಗಿ ಎಷ್ಟೇ ದುಡಿದರೂ ಬಡಿತ ಮೊದಲಿನಷ್ಟು ಏರುವುದಿಲ್ಲ. ನೀವು ಮಾತ್ರೆ ನುಂಗಿದ್ದು ಪಾಪ ವಾಚಿಗೇನು ಗೊತ್ತು? ಅದರ ಲೆಕ್ಕ ಸಾಮಾನ್ಯವಾಗಿ 220ರಲ್ಲಿ ವಯಸ್ಸು ಕಳೆಯುವ ಹಳೇ ಲೆಕ್ಕ. ನಿಮಗೆ 162 ಬರುತ್ತದೆ. ಅದರಲ್ಲಿ ಇಂತಿಷ್ಟು ಪಾಲು ದಾಟಿದರೆ ಮಾತ್ರ ವ್ಯಾಯಾಮ. ಮಾತ್ರೆ ತಿನ್ನದವರಲ್ಲೂ ಈ ಲೆಕ್ಕ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲಿ. ಸಾಲದ್ದಕ್ಕೆ, ಹೊರೆ ಬೀಳದ ಹಾಗೆ ವಾಚು ಕಟ್ಟಿದ ಕೈಯಿಂದಲೇ ಹಿಡಿದುಕೊಂಡಿರುತ್ತೀರಿ. ಕೈ ಬೀಸದೆ ನಡೆದರೆ ವಾಚು ಎಷ್ಟೋ ಹೆಜ್ಜೆಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ವಾಚನ್ನು ಮೆಚ್ಚಿಸೋಕೆ ಅಂತ ಮಾತ್ರೆ ಮಾತ್ರ ಬಿಡಬೇಡಿ.

ಹಾಗಾದರೆ ಅಳೆಯೋದು ಹೇಗೆ? ನಿಮ್ಮನ್ನೇ ಕೇಳಿ. ತಮಾಷೆ ಅಲ್ಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೊರ್ಗ್ 1960ರ ದಶಕದಲ್ಲಿ ಇದಕ್ಕೇ ಒಂದು ಪಟ್ಟಿ ಮಾಡಿದರು. 6ರಿಂದ 20ರವರೆಗೆ. 6 ಅಂದರೆ ಸುಮ್ನೆ ಕೂತ ಹಾಗೆ. 9 ತೀರಾ ಹಗುರ, 11 ಹಗುರ, 13 ಸ್ವಲ್ಪ ಕಷ್ಟ, 15 ಕಷ್ಟ, 17 ತುಂಬಾ ಕಷ್ಟ, 20 ಅಂದರೆ ಇನ್ನು ಒಂದು ಹೆಜ್ಜೆಯೂ ಆಗದು. 1ರಿಂದ ಬಿಟ್ಟು 6ರಿಂದ ಯಾಕೆ? ಆರೋಗ್ಯವಂತ ಯುವಕರ ಎದೆಬಡಿತ ಕೂತಾಗ ಸುಮಾರು 60, ಪೂರ್ತಿ ದಣಿದಾಗ ಸುಮಾರು 200. ಅವರು ಹೇಳಿದ ಅಂಕಿಯನ್ನು 10ರಿಂದ ಗುಣಿಸಿದರೆ ಬಡಿತ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ನಿಮ್ಮಂಥ ಮಾತ್ರೆಯವರಿಗೆ ಈ ಗುಣಾಕಾರ ಕೆಲಸಕ್ಕೆ ಬಾರದು. ಅಂಕಿ ಮಾತ್ರ ಕೆಲಸಕ್ಕೆ ಬರುತ್ತದೆ.

ಈ ಪಟ್ಟಿ ನನ್ನ ಕ್ಲಿನಿಕ್ಕಿನ ಗೋಡೆ ಮೇಲೂ ಇದೆ. ಆದರೆ ನಮ್ಮ ಕಡೆಯವರ ಬಾಯಿಂದ ಅಂಕಿ ಹೊರಡಿಸೋದು ಸುಲಭ ಅಲ್ಲ. "ಎಷ್ಟು ಸುಸ್ತು?" ಅಂದರೆ "ಪರವಾಗಿಲ್ಲ ಮೇಡಂ." ಏದುಸಿರು ಬಿಡುತ್ತಾ ಪರವಾಗಿಲ್ಲ! ಕೊನೆಗೆ ಒಂದೊಂದು ಅಂಕಿಯ ಪಕ್ಕ ಒಂದೊಂದು ತೋಟದ ಕೆಲಸ ಬರೆಯೋಣ ಅಂತ ಊರಿಗೆ ಹೋದಾಗ ಅಮ್ಮನ ಜೊತೆ ಕೂತೆ. ಅಡಿಕೆ ಸುಲಿಯೋದು 9 ಅಂತ ಬರೆದೆ. ಅಮ್ಮ ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಒಂಬತ್ತಾ? ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಆಮೇಲೆ ಬರಿ." ಕೂತೆ. ಒಂದು ಗಂಟೆ ಆಗುವಷ್ಟರಲ್ಲಿ ಉಸಿರು 9ರಲ್ಲೇ ಇತ್ತು, ಸೊಂಟ 15 ಅನ್ನುತ್ತಿತ್ತು. ಹೆಬ್ಬೆರಳಿನ ವಿಚಾರ ಬೇಡ.

ಅವತ್ತಿನಿಂದ ನಾನು ಎರಡು ಅಂಕಿ ಕೇಳುತ್ತೇನೆ. ಉಸಿರಿಗೊಂದು, ಕೈಕಾಲು ಸೊಂಟಕ್ಕೊಂದು. ನೀವೂ ಹಾಗೇ ಮಾಡಿ. ಉಸಿರಿನದು 11ರಿಂದ 13ರ ಒಳಗಿದ್ದರೆ ಸಾಕಷ್ಟು ಹೊತ್ತು ಕೆಲಸ ಮಾಡಬಹುದು. ಯಾವುದಾದರೂ ಒಂದು 15 ಮುಟ್ಟಿತೋ, ಹೊರೆ ಇಳಿಸಿ, ನೀರು ಕುಡಿದು ಕೂರಿ. ಎದೆ ಬಿಗಿದರೆ, ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರಿ ತಲೆ ಸುತ್ತಿದರೆ ಅಂಕಿ ಹಾಕುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ವಾಚು ಇರಲಿ ಬಿಡಿ, ಮಗಳು ಕೊಟ್ಟಿದ್ದಲ್ವಾ. ಟೈಮ್ ಸರಿಯಾಗಿ ತೋರಿಸುತ್ತದೆ.

ಪ್ರಶ್ನೆ: ನಮ್ಮ ತೋಟಕ್ಕೆ ಗೊಬ್ಬರ ಹೊರಲು ಇಬ್ಬರು ಹೆಂಗಸರು ಬರುತ್ತಾರೆ. ಒಂದೇ ಬುಟ್ಟಿ, ಒಂದೇ ದಾರಿ. ಒಬ್ಬಾಕೆ ಸಂಜೆವರೆಗೂ ಹೊರುತ್ತಾಳೆ. ಇನ್ನೊಬ್ಬಾಕೆ ಹನ್ನೊಂದು ಗಂಟೆಗೇ ಸುಸ್ತು ಅಂತ ಕೂತುಬಿಡುತ್ತಾಳೆ. ನಿಜವಾದ ಸುಸ್ತೋ ಕಳ್ಳಾಟವೋ, ಕಂಡುಹಿಡಿಯೋದು ಹೇಗೆ?
– ತೀರ್ಥಹಳ್ಳಿಯ ಓದುಗರು

ಉತ್ತರ: ಮೊದಲು ಬೆಳಿಗ್ಗೆ ಏನು ತಿಂದು ಬಂದರು ಅಂತ ಕೇಳಿ. ಬರೀ ಚಹಾ ಅಂದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಬುಟ್ಟಿ ಒಂದೇ ಇರಬಹುದು, ಮೈ ಒಂದೇ ಅಲ್ಲ. ಸುಮ್ನೆ ಕೂತಾಗ ಮೈ ಬಳಸುವ ಆಮ್ಲಜನಕವನ್ನು ನಾವು 1 ಮೆಟ್ ಅನ್ನುತ್ತೇವೆ. ಕೇಜಿ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್. ನಿಮ್ಮ ಬುಟ್ಟಿ ಕೆಲಸಕ್ಕೆ 5 ಮೆಟ್ ಬೇಕು ಅಂತ ಇಟ್ಟುಕೊಳ್ಳಿ. ಮೊದಲನೆಯಾಕೆಯ ಪೂರ್ತಿ ತಾಕತ್ತು 10 ಮೆಟ್ ಇದ್ದರೆ ಅದು ಅವರಿಗೆ ಅರ್ಧ. ಎರಡನೆಯಾಕೆಯದು 7 ಇದ್ದರೆ ನೂರಕ್ಕೆ 71ರಷ್ಟು. ಅವರು 13 ಅನ್ನುವ ಕಡೆ ಇವರು 16 ಅನ್ನುತ್ತಾರೆ. ಇಬ್ಬರು ಹೇಳುವುದೂ ನಿಜವೇ. ದಿನವಿಡೀ ದುಡಿಯುವವರಿಗೆ ಸರಾಸರಿ ಮೂರನೇ ಒಂದು ಪಾಲು ತಾಕತ್ತಿಗಿಂತ ಜಾಸ್ತಿ ಕೆಲಸ ಕೊಡಬಾರದು ಎಂಬುದು ಈ ವಿಷಯ ಓದಿದವರ ಹಳೇ ಲೆಕ್ಕ. ಆ ಲೆಕ್ಕದಲ್ಲಿ ನಿಮ್ಮ ಬುಟ್ಟಿ ಇಬ್ಬರಿಗೂ ಭಾರವೇ.

ರಕ್ತ ಕಡಿಮೆ ಇದ್ದರಂತೂ ತಾಕತ್ತು ಇನ್ನೂ ಇಳಿಯುತ್ತದೆ. ನಮ್ಮ ಹೆಂಗಸರಲ್ಲಿ ಇದು ಬಹಳ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ನೋಡಿಸಲು ಒಂದು ದಿನ ಬಿಡುವು ಕೊಡಿ. ಕೂಲಿ ಹಿಡಿಯಬೇಡಿ. ಬುಟ್ಟಿಗೆ ಸ್ವಲ್ಪ ಕಡಿಮೆ ತುಂಬಿಸಿ, ಗಂಟೆಗೊಮ್ಮೆ ಐದು ಹತ್ತು ನಿಮಿಷ ಕೂರಲು ಬಿಡಿ. ಇಷ್ಟಾದ ಮೇಲೂ ಅನುಮಾನ ಉಳಿದರೆ, ಅದೇ ಬುಟ್ಟಿಯನ್ನು ನೀವೊಮ್ಮೆ ಹತ್ತು ಸಲ ಹೊತ್ತು ನೋಡಿ. ನಿಮ್ಮ ಅಂಕಿ ನನಗೆ ಬರೆದು ಕಳಿಸಿ.

ಪ್ರಶ್ನೆ: ನಾವು ಮೂವರು ಗೆಳತಿಯರು ದಿನಾ ಬೆಳಿಗ್ಗೆ ನೆಹರೂ ಕ್ರೀಡಾಂಗಣದಲ್ಲಿ ಅರ್ಧ ಗಂಟೆ ನಡೆಯುತ್ತೇವೆ. ಆರು ತಿಂಗಳಾಯಿತು, ತೂಕ ಇಳಿದಿಲ್ಲ. ಎಷ್ಟು ಜೋರಾಗಿ ನಡೆಯಬೇಕು?
– ಶಿವಮೊಗ್ಗದ ಓದುಗರು

ಉತ್ತರ: ತೂಕದ ವಿಚಾರದಲ್ಲಿ ನಡಿಗೆಗಿಂತ ತಟ್ಟೆಯ ಪಾಲು ದೊಡ್ಡದು. ನಡೆದು ಮುಗಿಸಿ ಎಲ್ಲಿ ತಿಂಡಿ ತಿನ್ನುತ್ತೀರಿ ಅಂತ ನೀವು ಬರೆದಿಲ್ಲ! ಜೋರಿನ ಅಳತೆ ಸುಲಭ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಬೊರ್ಗ್ ಪಟ್ಟಿಯಲ್ಲಿ ಅದು ಸುಮಾರು 12, 13. ಹಾಗೆ ವಾರಕ್ಕೆ ಕನಿಷ್ಠ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಕ್ಕದ ಮನೆ ಮದುವೆ ಕಥೆಯನ್ನು ಎಲ್ಲೂ ಉಸಿರು ಎಳೆದುಕೊಳ್ಳದೆ ಹೇಳಿ ಮುಗಿಸೋಕೆ ಆಗುತ್ತಿದ್ದರೆ, ಇನ್ನೊಂದು ಚೂರು ಬೇಗ ಹೆಜ್ಜೆ ಹಾಕಿ.