ಫಿಕ್ಸೆಡ್, ಫ್ಲೋಟಿಂಗ್, ಓವರ್‌ಡ್ರಾಫ್ಟ್: ಬೆಳೆ ದುಡ್ಡು ನಂಬಿದವರಿಗೆ ಯಾವ ಮನೆ ಸಾಲ?

ನಿಮ್ಮ ಪ್ರಶ್ನೆ ಓದಿದೆ, ಕೆಳಗೆ ಬಂದಿರುವ ಉತ್ತರಗಳನ್ನೂ ಓದಿದೆ. ಸುಮಾರು ಜನ "ಯಾವುದರಲ್ಲಿ ಕಂತು ಕಡಿಮೆಯೋ ಅದನ್ನೇ ತಗೊಳ್ಳಿ" ಅಂದಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನೀವು ಹೇಳಿದ್ದು ಇಷ್ಟು. ಮನೆ ಕಟ್ಟಬೇಕು. ದುಡ್ಡು ವರ್ಷಕ್ಕೆ ಎರಡು ಸಲ, ಬೆಳೆ ಮಾರಿದಾಗ ಒಟ್ಟಿಗೆ ಬರುತ್ತದೆ. ಮನೆಯವರಿಗೆ ತಿಂಗಳ ಸಂಬಳ ಇದೆ, ಆದರೆ ಜಾಸ್ತಿ ಇಲ್ಲ. ಸಾಲ ಕೊಡುವವರು ನಾಲ್ಕು ದಾರಿ ತೋರಿಸಿದ್ದಾರೆ: ಪೂರ್ತಿ ಫ್ಲೋಟಿಂಗ್, ಮೊದಲ ಮೂರು ವರ್ಷ ಫಿಕ್ಸೆಡ್ ಆಮೇಲೆ ಫ್ಲೋಟಿಂಗ್, ಮೊದಲ ಐದು ವರ್ಷ ಬರೀ ಬಡ್ಡಿ ಕಟ್ಟುವುದು, ಮತ್ತೆ ಓವರ್‌ಡ್ರಾಫ್ಟ್ ತರಹದ ಖಾತೆ. ಜೊತೆಗೆ ಜಮೀನನ್ನೂ ಸೇರಿಸಿ ಅಡಮಾನ ಇಟ್ಟರೆ ಬಡ್ಡಿಯಲ್ಲಿ ಕಾಲು ಪರ್ಸೆಂಟ್ ಇಳಿಸುತ್ತೇವೆ ಅಂದಿದ್ದಾರೆ.

ಲೆಕ್ಕಕ್ಕೆ 10 ಲಕ್ಷ ಸಾಲ, 9% ಬಡ್ಡಿ, 20 ವರ್ಷ ಅಂತ ಇಟ್ಟುಕೊಳ್ಳೋಣ. ನಿಮ್ಮ ಸಾಲ ಎಷ್ಟಿದೆಯೋ ಅಷ್ಟಕ್ಕೆ ಗುಣಿಸಿಕೊಳ್ಳಿ. ತಿಂಗಳ ಕಂತು 8,997 ಬರುತ್ತದೆ. ಮೊದಲ ತಿಂಗಳು ಅದರಲ್ಲಿ 7,500 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 1,497 ಮಾತ್ರ. ಮೊದಲ ವರ್ಷ ಪೂರ್ತಿ ನೀವು ಸುಮಾರು 1 ಲಕ್ಷ 8 ಸಾವಿರ ಕಟ್ಟಿರುತ್ತೀರಿ, ಅಸಲು ಇಳಿದಿರುವುದು 18,727. ಹತ್ತು ವರ್ಷ, ಅಂದರೆ ಅರ್ಧ ಅವಧಿ ಮುಗಿದಾಗಲೂ 7 ಲಕ್ಷ 10 ಸಾವಿರ ಬಾಕಿ ಇರುತ್ತದೆ. ಈ ಅಂಕಿಗಳನ್ನು ತಲೆಯಲ್ಲಿಟ್ಟುಕೊಳ್ಳಿ, ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ. ಸಾಲದ ಮೊದಲ ವರ್ಷಗಳಲ್ಲಿ ಬಡ್ಡಿ ದರ ಏರಿದರೆ ಪೆಟ್ಟು ಜಾಸ್ತಿ, ಕೊನೆಯಲ್ಲಿ ಏರಿದರೆ ಕಡಿಮೆ. ಮೊದಲ ವರ್ಷಗಳಲ್ಲಿ ಅಸಲಿಗೆ ಹಾಕಿದ ದುಡ್ಡಿಗೂ ಅಷ್ಟೇ ಬಲ.

ಈಗ ಫ್ಲೋಟಿಂಗ್. ದರ ಯಾವುದೋ ಒಂದು ಮಾನದಂಡದ ದರದ ಜೊತೆ ಏರಿಳಿಯುತ್ತದೆ, ಅದರ ಮೇಲೆ ಸಾಲ ಕೊಡುವವರು ತಮ್ಮ ಪಾಲು, ಅಂದರೆ ಸ್ಪ್ರೆಡ್, ಸೇರಿಸುತ್ತಾರೆ. ಇಲ್ಲಿ ಮೊದಲು ಕೇಳಬೇಕಾದದ್ದು ಆ ಮಾನದಂಡ ಯಾರ ಕೈಯಲ್ಲಿದೆ ಅನ್ನುವುದು. ಬ್ಯಾಂಕೇ ಒಳಗೆ ಲೆಕ್ಕ ಹಾಕುವ ದರವಾದರೆ ಏರುವಾಗ ಬೇಗ ಏರುತ್ತದೆ, ಇಳಿಯುವಾಗ ನಿಧಾನವಾಗಿ ಇಳಿಯುತ್ತದೆ ಅನ್ನುವ ದೂರು ಹಳೆಯದು. ಭಾರತದಲ್ಲಿ 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಗೃಹಸಾಲಗಳನ್ನು ರೆಪೊದಂತಹ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ಮಾನದಂಡಕ್ಕೆ ಜೋಡಿಸಬೇಕು, ಮೂರು ತಿಂಗಳಿಗೆ ಒಮ್ಮೆಯಾದರೂ ದರ ಪರಿಷ್ಕರಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ತಂದದ್ದು ಇದಕ್ಕೇ. ಹೊರಗಿನ ಮಾನದಂಡ ಅಂದರೆ ಕಣ್ಣಿಗೆ ಕಾಣುತ್ತದೆ, ನೀವೇ ನೋಡಿ ಲೆಕ್ಕ ಹಾಕಬಹುದು. ಆದರೆ ಏರಿಕೆಯೂ ಅಷ್ಟೇ ಬೇಗ ಮನೆಗೆ ಬರುತ್ತದೆ. 2022ರ ಮೇ ಶುರುವಿನಲ್ಲಿ 4% ಇದ್ದ ರೆಪೊ 2023ರ ಫೆಬ್ರವರಿಗೆ 6.5% ಆಗಿತ್ತು. ಒಂದು ವರ್ಷವೂ ಇಲ್ಲ.

ದರ ಏರಿದಾಗ ಏನಾಗುತ್ತದೆ ನೋಡಿ. ಹೆಚ್ಚಿನ ಕಡೆ ಕಂತನ್ನು ಹಾಗೇ ಬಿಟ್ಟು ಅವಧಿ ಉದ್ದ ಮಾಡುತ್ತಾರೆ, ನಾವೂ ಎಷ್ಟೋ ಸಲ ಅದನ್ನು ಗಮನಿಸುವುದಿಲ್ಲ. ಮೇಲಿನ ಸಾಲದಲ್ಲಿ ಶುರುವಿನಲ್ಲೇ 9% ಹೋಗಿ 10% ಆಯಿತು, ಕಂತು ಮಾತ್ರ ಅದೇ 8,997 ಅಂದುಕೊಳ್ಳಿ. 240 ತಿಂಗಳ ಸಾಲ 315 ತಿಂಗಳಿಗೆ ಹೋಗುತ್ತದೆ. ಒಂದೇ ಒಂದು ಪರ್ಸೆಂಟಿಗೆ ಆರು ವರ್ಷಕ್ಕಿಂತ ಜಾಸ್ತಿ ಕಂತು ಕಟ್ಟಬೇಕು. 11% ಆದರೆ ಇನ್ನೂ ಕೆಟ್ಟದ್ದು: ತಿಂಗಳ ಬಡ್ಡಿಯೇ 9,167 ಆಗುತ್ತದೆ, ಅಂದರೆ ನೀವು ಕಟ್ಟುವ ಕಂತು ಬಡ್ಡಿಗೂ ಸಾಲದು, ಪ್ರತಿ ತಿಂಗಳು ಕಟ್ಟುತ್ತಲೇ ಇದ್ದರೂ ಸಾಲ ಬೆಳೆಯುತ್ತಲೇ ಹೋಗುತ್ತದೆ. ಅದಕ್ಕೇ ಫ್ಲೋಟಿಂಗ್ ತೆಗೆದುಕೊಂಡವರು ದರ ಏರಿದ ತಿಂಗಳೇ ಹೋಗಿ "ಕಂತು ಏರಿಸಿ, ಅವಧಿ ಮುಟ್ಟಬೇಡಿ" ಅಂತ ಬರೆದು ಕೊಡಬೇಕು. ಅಷ್ಟು ಏರಿಸಿದ ಕಂತನ್ನು, 11% ಆದರೆ 10,322, ನಿಮ್ಮ ಕೈಲಿ ಕಟ್ಟಲು ಆಗುತ್ತದಾ ಅಂತ ಇವತ್ತೇ ನೋಡಿಕೊಳ್ಳಿ. ಆಗುವುದಿಲ್ಲ ಅನ್ನಿಸಿದರೆ ಸಾಲದ ಮೊತ್ತವೇ ದೊಡ್ಡದಾಯಿತು ಅಂತ ಅರ್ಥ, ಮನೆಯ ಪ್ಲಾನಿನಲ್ಲಿ ಒಂದು ಕೋಣೆ ಆಮೇಲೆ ಕಟ್ಟಿದರಾಯಿತು.

ಫಿಕ್ಸೆಡ್ ಬಗ್ಗೆ. ಅವಧಿ ಪೂರ್ತಿ ಒಂದೇ ದರ, ನೆಮ್ಮದಿ ನಿಜ. ಅಮೆರಿಕದಲ್ಲಿ 30 ವರ್ಷದ ಫಿಕ್ಸೆಡ್ ಸಾಮಾನ್ಯ, ಅಲ್ಲಿ 2021ರಲ್ಲಿ 3% ಆಸುಪಾಸಿನಲ್ಲಿ ಸಾಲ ಮಾಡಿದವರಿಗೆ 2023ರಲ್ಲಿ ಮಾರುಕಟ್ಟೆ ದರ 8% ಹತ್ತಿರ ಹೋದರೂ ಕಂತು ಒಂದು ಪೈಸೆ ಬದಲಾಗಲಿಲ್ಲ. ಡೆನ್ಮಾರ್ಕ್‌ನಲ್ಲೂ ಇಂತಹ ದೀರ್ಘ ಫಿಕ್ಸೆಡ್ ಸಾಲ ಇದೆ, ಅಲ್ಲಿ ಸಾಲದ ಹಿಂದೆ ಬಾಂಡ್, ಅಂದರೆ ಮಾರುಕಟ್ಟೆಯಲ್ಲಿ ಕೊಂಡು ಮಾರುವ ಸಾಲಪತ್ರ, ಇರುತ್ತದೆ, ದರ ಏರಿ ಬಾಂಡಿನ ಬೆಲೆ ಬಿದ್ದರೆ ಸಾಲಗಾರ ಅದನ್ನು ಕಡಿಮೆ ಬೆಲೆಗೆ ಕೊಂಡು ತನ್ನ ಸಾಲ ಇಳಿಸಿಕೊಳ್ಳಬಹುದು. ಎಂಥ ಒಳ್ಳೆಯ ವ್ಯವಸ್ಥೆ ಅಲ್ವಾ. ಆದರೆ ಎಲ್ಲ ಕಡೆ ಫಿಕ್ಸೆಡ್ ಅಂದರೆ ಅದೇ ಅರ್ಥ ಇಲ್ಲ. ಬ್ರಿಟನ್‌ನಲ್ಲಿ ಹೆಚ್ಚಾಗಿ ಎರಡು ಅಥವಾ ಐದು ವರ್ಷಕ್ಕೆ ಮಾತ್ರ ಫಿಕ್ಸೆಡ್. 2021ರ ಡಿಸೆಂಬರ್ ಶುರುವಿನಲ್ಲಿ 0.1% ಇದ್ದ ಅಲ್ಲಿನ ಕೇಂದ್ರ ಬ್ಯಾಂಕ್ ದರ 2023ರ ಆಗಸ್ಟ್‌ಗೆ 5.25% ಆಯಿತು. ಆ ನಡುವೆ ಯಾರ ಎರಡು ವರ್ಷ ಮುಗಿಯಿತೋ ಅವರ ಕಂತು ಒಮ್ಮೆಲೇ ಜಿಗಿಯಿತು. ನಿಮಗೆ ತೋರಿಸಿರುವ "ಮೂರು ವರ್ಷ ಫಿಕ್ಸೆಡ್" ಇದೇ ಜಾತಿಯದು. ಮೂರು ವರ್ಷದ ಮೇಲೆ ದರ ಎಷ್ಟು ಅನ್ನುವುದಕ್ಕೆ ಸೂತ್ರ ಕಾಗದದಲ್ಲಿ ಇರಬೇಕು: ಯಾವ ಮಾನದಂಡ, ಅದರ ಮೇಲೆ ಎಷ್ಟು ಸ್ಪ್ರೆಡ್. "ಆಗ ಇರುವ ದರ" ಅಂತ ಮಾತ್ರ ಬರೆದಿದ್ದರೆ ಅದು ಅವರಿಗೆ ಬಿಟ್ಟದ್ದು. ಪೂರ್ತಿ ಫಿಕ್ಸೆಡ್ ಅಂತ ಹೇಳಿದಾಗಲೂ, ಇಂತಿಷ್ಟು ವರ್ಷಕ್ಕೊಮ್ಮೆ ದರ ಬದಲಿಸುವ ಹಕ್ಕು ಉಳಿಸಿಕೊಂಡಿರುವ ರೀಸೆಟ್ ಷರತ್ತು ಇದೆಯಾ ಅಂತ ಹುಡುಕಿ.

ಫಿಕ್ಸೆಡ್ 10%, ಫ್ಲೋಟಿಂಗ್ 9% ಇದ್ದರೆ ತಿಂಗಳಿಗೆ 653 ಜಾಸ್ತಿ ಕಟ್ಟುತ್ತೀರಿ. ಅದನ್ನು ದರ ಏರಿಕೆಯ ವಿರುದ್ಧ ಕಟ್ಟುವ ವಿಮೆ ಕಂತು ಅಂತ ನೋಡಿ. ಬಿಗಿಯಾದ ಸಂಸಾರಕ್ಕೆ ಅದು ಯೋಗ್ಯವೇ. ಆದರೆ ನಿಮ್ಮ ವಿಷಯದಲ್ಲಿ ಬೇರೆ ತೊಂದರೆ ಇದೆ, ಅದು ಮುಂಗಡ ಪಾವತಿ, ಅಂದರೆ ಕಂತಿನ ಜೊತೆಗೆ ಅಸಲಿಗೆ ಮೊದಲೇ ಹೆಚ್ಚು ದುಡ್ಡು ಕಟ್ಟುವುದು.

ಬೆಳೆ ದುಡ್ಡು ನಂಬಿದವರಿಗೆ ದರಕ್ಕಿಂತ ಮುಖ್ಯ ಇದೇ ಅಂತ ನಾನು ಹೇಳುತ್ತೇನೆ. ನಮಗೆ ದುಡ್ಡು ಬಂದಾಗ ಒಟ್ಟಿಗೆ ಬರುತ್ತದೆ, ಆಮೇಲೆ ತಿಂಗಳುಗಟ್ಟಲೆ ಬರುವುದಿಲ್ಲ. ಒಳ್ಳೆ ಬೆಲೆ ಸಿಕ್ಕ ವರ್ಷ ಒಂದಷ್ಟನ್ನು ಅಸಲಿಗೆ ಹಾಕಲು ಬಿಡಬೇಕು, ಅದಕ್ಕೆ ದಂಡ ಇರಬಾರದು. ಮೇಲಿನ ಸಾಲದಲ್ಲಿ ಮೊದಲ ವರ್ಷದ ಕೊನೆಗೆ 1 ಲಕ್ಷ ಹೆಚ್ಚಾಗಿ ಕಟ್ಟಿ, ಕಂತು ಅಷ್ಟೇ ಇಟ್ಟರೆ ಸುಮಾರು 50 ತಿಂಗಳ ಕಂತು ಉಳಿಯುತ್ತದೆ. ಅಂದರೆ 1 ಲಕ್ಷ ಹಾಕಿದ್ದಕ್ಕೆ ಮುಂದೆ ನಾಲ್ಕೂವರೆ ಲಕ್ಷದ ಕಂತು ಕಟ್ಟುವುದು ತಪ್ಪಿತು. ಫಿಕ್ಸೆಡ್ ಸಾಲಗಳಲ್ಲಿ ಇದಕ್ಕೆ ಶುಲ್ಕ ಅಥವಾ ವರ್ಷಕ್ಕೆ ಇಷ್ಟೇ ಅನ್ನುವ ಮಿತಿ ಇರುವುದು ಸಾಮಾನ್ಯ. ಭಾರತದಲ್ಲಿ ವ್ಯಕ್ತಿಗಳ ಫ್ಲೋಟಿಂಗ್ ಗೃಹಸಾಲಕ್ಕೆ ಬ್ಯಾಂಕುಗಳು ಈ ಶುಲ್ಕ ಹಾಕುವಂತಿಲ್ಲ ಅಂತ 2012ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಬೇರೆ ದೇಶದಿಂದ ಓದುತ್ತಿರುವವರು ತಮ್ಮ ಕಾಗದದಲ್ಲಿ ನೋಡಿಕೊಳ್ಳಿ. ದುಡ್ಡು ಕಟ್ಟುವಾಗ "ಅವಧಿ ಇಳಿಸಿ, ಕಂತು ಹಾಗೇ ಇರಲಿ" ಅಂತ ಬರೆದು ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಕೆಲವು ಕಡೆ ಕಂತು ಇಳಿಸಿ ಕಳಿಸಿಬಿಡುತ್ತಾರೆ, ಲಾಭ ಅರ್ಧಕ್ಕರ್ಧ ಹೋಗುತ್ತದೆ.

ಅದೇ ಕಾರಣಕ್ಕೆ ನಾಲ್ಕರಲ್ಲಿ ನನ್ನ ಮನಸ್ಸು ಓವರ್‌ಡ್ರಾಫ್ಟ್ ತರಹದ ಖಾತೆಯ ಕಡೆಗೇ. ಆಸ್ಟ್ರೇಲಿಯಾ, ಬ್ರಿಟನ್ ಕಡೆ ಆಫ್‌ಸೆಟ್ ಅನ್ನುವುದೂ ಹತ್ತಿರ ಹತ್ತಿರ ಇದೇ. ನಿಮ್ಮ ದುಡ್ಡು ಆ ಖಾತೆಯಲ್ಲಿ ಇದ್ದಷ್ಟು ದಿನ ಅಷ್ಟು ಸಾಲಕ್ಕೆ ಬಡ್ಡಿ ಬೀಳುವುದಿಲ್ಲ, ಬೇಕಾದಾಗ ತೆಗೆಯಲೂಬಹುದು. ಬೆಳೆ ಮಾರಿದ 2 ಲಕ್ಷವನ್ನು ಮುಂದಿನ ಬಿತ್ತನೆಯ ತನಕ ನಾಲ್ಕು ತಿಂಗಳು ಅಲ್ಲಿ ಇಟ್ಟರೆ 9% ಲೆಕ್ಕದಲ್ಲಿ 6,000 ಬಡ್ಡಿ ಉಳಿಯಿತು. ಬೀಜ ಗೊಬ್ಬರಕ್ಕೆ ಬೇಕಾದಾಗ ದುಡ್ಡು ಕೈಗೆ ವಾಪಸ್. ಮುಂಗಡ ಪಾವತಿ ಮಾಡಿದ ದುಡ್ಡು ಹೀಗೆ ವಾಪಸ್ ಬರುವುದಿಲ್ಲ, ಆಮೇಲೆ ಕೈಸಾಲಕ್ಕೆ ಓಡಬೇಕಾಗುತ್ತದೆ. ಇದರ ದರ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಇರುತ್ತದೆ, ಕಾಲು ಪರ್ಸೆಂಟ್ ಅಂತಿಟ್ಟುಕೊಂಡರೆ 10 ಲಕ್ಷಕ್ಕೆ ವರ್ಷಕ್ಕೆ 2,500. ವರ್ಷದುದ್ದಕ್ಕೂ ಸರಾಸರಿ 27 ಸಾವಿರ ಆ ಖಾತೆಯಲ್ಲಿ ಉಳಿದರೆ ಅದು ಸರಿಹೋಯಿತು, ಅದಕ್ಕಿಂತ ಜಾಸ್ತಿ ಉಳಿದದ್ದೆಲ್ಲ ಲಾಭ. ಈ 27 ಸಾವಿರ ಬೇರೆ ಕಡೆ ಸುಮ್ನೆ ಬಿದ್ದಿರುತ್ತಿತ್ತು ಅನ್ನುವ ಲೆಕ್ಕದಲ್ಲಿ ಹೇಳುತ್ತಿದ್ದೇನೆ, ಠೇವಣಿಯಲ್ಲಿ ಬಡ್ಡಿ ಬರುತ್ತಿದ್ದರೆ ಸ್ವಲ್ಪ ಜಾಸ್ತಿ ಬೇಕು. ಆದರೆ ಒಂದು ಮಾತು. ಖಾತೆಯಲ್ಲಿ ದುಡ್ಡು ಕಾಣುತ್ತಿದ್ದರೆ ಕೈ ಹೋಗುತ್ತದೆ. ಮನೆ ಸಾಲದ ಲಿಮಿಟ್ ತೆಗೆದು ಗಾಡಿ ಕೊಂಡರೆ ಆ ಗಾಡಿಗೆ ಇಪ್ಪತ್ತು ವರ್ಷ ಬಡ್ಡಿ ಕಟ್ಟಿದ ಹಾಗೆ. ಮನೆಯಲ್ಲಿ ಇಬ್ಬರೂ ಕೂತು ಇದರಿಂದ ಯಾವುದಕ್ಕೆ ತೆಗೆಯಬಹುದು, ಯಾವುದಕ್ಕೆ ಇಲ್ಲ ಅಂತ ಮೊದಲೇ ಮಾತಾಡಿಕೊಳ್ಳಿ. ಆ ಗಟ್ಟಿತನ ಇಲ್ಲ ಅನ್ನಿಸಿದರೆ ಸಾದಾ ಫ್ಲೋಟಿಂಗ್ ತೆಗೆದುಕೊಂಡು ಪ್ರತಿ ಬೆಳೆಗೂ ಒಂದಷ್ಟು ಅಸಲಿಗೆ ಹಾಕಿ, ಅದೂ ಒಳ್ಳೆಯದೇ.

"ಐದು ವರ್ಷ ಬರೀ ಬಡ್ಡಿ" ಬೇಡ. ದಯವಿಟ್ಟು ಬೇಡ. 7,500 ಕಟ್ಟುವಾಗ ಹಗುರ ಅನ್ನಿಸುತ್ತದೆ. ಐದು ವರ್ಷ ಆದ ಮೇಲೂ 10 ಲಕ್ಷ ಹಾಗೇ ನಿಂತಿರುತ್ತದೆ, ಉಳಿದ 15 ವರ್ಷಕ್ಕೆ ಕಂತು 10,143, ಅಂದರೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ಏರಿಕೆ. ಅದೇ ವರ್ಷ ಬೆಳೆ ಕೈಕೊಟ್ಟರೆ? ಮನೆ ಕಟ್ಟುವ ಒಂದು ವರ್ಷ, ಹಂತ ಹಂತವಾಗಿ ದುಡ್ಡು ಬಿಡುಗಡೆ ಆಗುವಾಗ ತೆಗೆದುಕೊಂಡಷ್ಟಕ್ಕೆ ಬಡ್ಡಿ ಕಟ್ಟುವುದು ಬೇರೆ ವಿಷಯ, ಅದು ಎಲ್ಲ ಕಡೆ ಇದೆ. ಕೊನೆಯಲ್ಲಿ ಅಸಲನ್ನು ಒಮ್ಮೆಲೇ ಕಟ್ಟುವ ಬಲೂನ್ ಸಾಲವೂ ಇದರ ಅಣ್ಣನೇ. ಅಮೆರಿಕದಲ್ಲಿ 1930ರ ಮೊದಲು ಮನೆ ಸಾಲಗಳು ಹೆಚ್ಚಾಗಿ ಹೀಗೇ ಇದ್ದವು, ಕೆಲವೇ ವರ್ಷದ ಅವಧಿ, ಆಮೇಲೆ ಹೊಸ ಸಾಲ ಮಾಡಿ ಹಳೆಯದನ್ನು ತೀರಿಸುವುದು. 1930ರ ದಶಕದ ಆರ್ಥಿಕ ಮಹಾಕುಸಿತದಲ್ಲಿ ಹೊಸ ಸಾಲ ಕೊಡುವವರೇ ಇಲ್ಲವಾಗಿ ಲಕ್ಷಾಂತರ ಜನ ಮನೆ ಕಳೆದುಕೊಂಡರು. ಅಸಲು ಬಡ್ಡಿ ಎರಡೂ ತಿಂಗಳ ಕಂತಿನಲ್ಲೇ ತೀರುವ ದೀರ್ಘ ಸಾಲ ಅಲ್ಲಿ ಬೇರೂರಿದ್ದು 1933, 34ರ ಸರ್ಕಾರಿ ಕ್ರಮಗಳ ನಂತರ.

ಮೇಲೆ ಒಬ್ಬರು, ಹೊರದೇಶದ ಕರೆನ್ಸಿಯಲ್ಲಿ ಸಾಲ ಸಿಕ್ಕರೆ ಬಡ್ಡಿ ತುಂಬಾ ಕಡಿಮೆ ಅಂದಿದ್ದಾರೆ. ಪೋಲೆಂಡ್‌ನಲ್ಲಿ ಹೀಗೇ ಸ್ವಿಸ್ ಫ್ರಾಂಕ್‌ಗೆ ಜೋಡಿಸಿದ ಮನೆ ಸಾಲ ಮಾಡಿದವರು ತುಂಬಾ ಜನ. 2015ರ ಜನವರಿ 15ರಂದು ಸ್ವಿಸ್ ಕೇಂದ್ರ ಬ್ಯಾಂಕ್ ಫ್ರಾಂಕ್ ಬೆಲೆ ಏರದಂತೆ ಹಾಕಿದ್ದ ತಡೆ ತೆಗೆಯಿತು, ಫ್ರಾಂಕ್ ಅದೇ ದಿನ ಜಿಗಿಯಿತು, ಇವರ ಸಾಲವೂ ಜಿಗಿಯಿತು. ಯಾವ ದುಡ್ಡಿನಲ್ಲಿ ಬೆಳೆ ಮಾರುತ್ತೀರೋ ಅದೇ ದುಡ್ಡಿನಲ್ಲಿ ಸಾಲ ಇರಲಿ.

ಇನ್ನೊಬ್ಬರು 6% ಅಂತ ಜಾಹೀರಾತು ಹಾಕಿದ್ದಾರೆ. ಅದು ಫ್ಲ್ಯಾಟ್ ದರವಾ ಕೇಳಿ. ಫ್ಲ್ಯಾಟ್ ಅಂದರೆ ಅಸಲು ಇಳಿದರೂ ಬಡ್ಡಿ ಪೂರ್ತಿ 10 ಲಕ್ಷಕ್ಕೇ. 20 ವರ್ಷಕ್ಕೆ 12 ಲಕ್ಷ ಬಡ್ಡಿ, ಕಂತು 9,167. ಇಳಿಯುವ ಬಾಕಿಯ ಮೇಲಿನ 9%ಗಿಂತಲೂ ದುಬಾರಿ.

ಈಗ ಜಮೀನು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ಮನೆ ಸಾಲಕ್ಕೆ ಮನೆಯೇ ಅಡಮಾನ, ಜಮೀನು ಸೇರಿಸಬೇಡಿ. ಕಾಲು ಪರ್ಸೆಂಟ್ ಅಂದರೆ ಮೊದಲ ವರ್ಷ 10 ಲಕ್ಷಕ್ಕೆ ಹೆಚ್ಚೆಂದರೆ 2,500 ಉಳಿತಾಯ. ಅಷ್ಟಕ್ಕೆ ಅನ್ನ ಕೊಡುವ ಭೂಮಿಯನ್ನು ಇಪ್ಪತ್ತು ವರ್ಷ ಕಟ್ಟಿಹಾಕುವುದೇ? ಎರಡು ಬೆಳೆ ಒಂದರ ಹಿಂದೆ ಒಂದು ಕೈಕೊಟ್ಟರೆ ಮನೆಯ ಜೊತೆಗೆ ದುಡಿಮೆಯೂ ಹೋಗುವ ಅಪಾಯ, ಮತ್ತೆ ಜಮೀನಿನ ಮೇಲೆ ಬೆಳೆ ಸಾಲ ಬೇಕಾದಾಗ ಪತ್ರಗಳು ಇವರ ಹತ್ತಿರ ಇರುತ್ತವೆ. ಜಮೀನು ಕೊಡುವುದಿಲ್ಲ ಅಂದ ಮೇಲೂ ಒಪ್ಪಂದದಲ್ಲಿ "ಈ ಆಸ್ತಿ ಸಾಲಗಾರರ ಇತರ ಎಲ್ಲ ಸಾಲಗಳಿಗೂ ಭದ್ರತೆ" ಅನ್ನುವ ಅರ್ಥದ ಸಾಲು ಇರುತ್ತದಾ ನೋಡಿ. ಬೆಳೆ ಸಾಲವೂ ಅದೇ ಬ್ಯಾಂಕಿನಲ್ಲಿ ಇದ್ದರೆ ಅದರ ಬಾಕಿಗೆ ಮನೆ ಪತ್ರ ಹಿಡಿದಿಟ್ಟುಕೊಳ್ಳಲು ಆ ಒಂದು ಸಾಲು ಸಾಕು. ತೆಗೆಸಿ. ತೆಗೆಯುವುದಿಲ್ಲ ಅಂದರೆ ಎರಡು ಸಾಲ ಎರಡು ಕಡೆ ಮಾಡಿ.

ಕಂತಿನ ವಿಷಯಕ್ಕೆ, ಮನೆಯವರ ಸಂಬಳದಲ್ಲಿ ಕಟ್ಟಬಹುದಾದಷ್ಟೇ ತಿಂಗಳ ಕಂತು ಇರುವ ಹಾಗೆ ಅವಧಿ ಇಡಿ, ಉದ್ದ ಆದರೂ ಪರವಾಗಿಲ್ಲ, ಬೆಳೆ ದುಡ್ಡಿನಿಂದ ಅದನ್ನು ನೀವು ಮೊಟಕು ಮಾಡುತ್ತೀರಿ. ಆರು ತಿಂಗಳಿಗೊಂದು ಕಂತು ಸಿಗುತ್ತದಾ ಅಂತಲೂ ಕೇಳಿ ನೋಡಿ, ಆದರೆ ನಡುವಿನ ತಿಂಗಳುಗಳ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾರಾ ಅನ್ನುವುದು ಗೊತ್ತಾಗದೆ ಒಪ್ಪಬೇಡಿ. ಆರು ತಿಂಗಳ ಕಂತಿನಷ್ಟು ದುಡ್ಡು ಬೇರೆ ಇಟ್ಟುಕೊಂಡೇ ಮನೆ ಕೆಲಸ ಶುರು ಮಾಡಿ.

ಸ್ಯಾಂಕ್ಷನ್ ಲೆಟರ್ (ಸಾಲ ಮಂಜೂರಾದ ಪತ್ರ) ಬಂದಾಗ ಸಹಿ ಹಾಕುವ ಮೊದಲು ದರ ಪರಿಷ್ಕರಣೆ, ಮುಂಗಡ ಪಾವತಿ, ಭದ್ರತೆ, ಈ ಮೂರು ಷರತ್ತು ಇರುವ ಪುಟಗಳ ಫೋಟೋ ಇಲ್ಲಿ ಹಾಕಿ, ಹೆಸರು, ಖಾತೆ ನಂಬರ್ ಮುಚ್ಚಿ. ನಾನು ಓದಿ ಹೇಳುತ್ತೇನೆ, ಗುಂಪಿನಲ್ಲಿ ಇಂತಹ ಕಾಗದ ನೋಡಿದವರು ಇನ್ನೂ ಇದ್ದಾರೆ, ಅವರೂ ನೋಡಲಿ.